ಮೂವರು ಮುದುಕರು, ಮೂವತ್ತೇಳು ವರ್ಷ

ಪ್ರಶ್ನೆ: ಗಂಡನ ಕೆಲಸದ ನಿಮಿತ್ತ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿದ್ದೇವೆ. ಪಕ್ಕದ ಮನೆಯ ಹಿರಿಯರೊಬ್ಬರು ‘ಲಾಸ್ಟ್ ಆಫ್ ದ ಸಮ್ಮರ್ ವೈನ್’ ಎಂಬ ಹಳೆಯ ಹಾಸ್ಯ ಧಾರಾವಾಹಿಯ ಮರುಪ್ರಸಾರವನ್ನು ತಪ್ಪದೆ ನೋಡುತ್ತಾರೆ, ನನ್ನನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ಒಂದು ದಿನ 1975ರ ಕಂತು, ಇನ್ನೊಂದು ದಿನ 2005ರದು. ಹೆಸರು ಅದೇ, ಸಂಗೀತ ಅದೇ, ಊರೂ ಅದೇ. ಆದರೂ ಎರಡು ಬೇರೆ ಕಾರ್ಯಕ್ರಮ ನೋಡಿದ ಹಾಗಾಗುತ್ತದೆ. ಇದು ಯಾವಾಗ, ಯಾಕೆ ಬದಲಾಯಿತು? ‘ಹಳೆಯದೇ ಚೆನ್ನಾಗಿತ್ತು’ ಎಂದು ಅವರು ಹೇಳುವುದು ನಿಜವೇ? ನಾನು ಎಲ್ಲಿಂದ ನೋಡಲು ಶುರು ಮಾಡಲಿ?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ. ಅದು ಒಂದೇ ಹೆಸರಿನಡಿ ನಡೆದ ಮೂರೋ ನಾಲ್ಕೋ ಕಾರ್ಯಕ್ರಮ. ಕೂತು ಯೋಚಿಸಿ ‘ಇನ್ನು ಹೀಗೆ ಬದಲಾಯಿಸೋಣ’ ಎಂದು ತೀರ್ಮಾನಿಸಿದವರು ಮಾತ್ರ ಯಾರೂ ಇಲ್ಲ. ನಟರಿಗೆ ವಯಸ್ಸಾಯಿತು, ಕಾಯಿಲೆ ಬಂತು, ಒಂದಿಬ್ಬರು ಬಿಟ್ಟುಹೋದರು, ಬಹಳ ಜನ ತೀರಿಕೊಂಡರು. ಪ್ರತಿ ಸಲವೂ ಲೇಖಕ ಉಳಿದವರನ್ನು ಇಟ್ಟುಕೊಂಡು ಮತ್ತೆ ಬರೆಯಲು ಕೂತ. ಆ ಲೇಖಕನೂ ಮೊದಲಿಂದ ಕಡೆಯವರೆಗೆ ಒಬ್ಬನೇ: ರಾಯ್ ಕ್ಲಾರ್ಕ್. 1973ರ ಜನವರಿಯ ಮೊದಲ ಪ್ರಾಯೋಗಿಕ ಕಂತಿನಿಂದ 2010ರ ಆಗಸ್ಟ್ 29ರ ಕೊನೆಯ ಕಂತಿನವರೆಗೆ 31 ಸೀಸನ್, ಒಟ್ಟು 295 ಕಂತು, ಎಲ್ಲವೂ ಅವನದೇ ಕೈಬರಹ.

ಇದು ಎಷ್ಟು ವಿಚಿತ್ರ ಎನ್ನುವುದು ತಿಳಿಯಬೇಕಾದರೆ ಬ್ರಿಟಿಷ್ ಹಾಸ್ಯ ಧಾರಾವಾಹಿಗಳ ರೂಢಿ ಗೊತ್ತಿರಬೇಕು. ಅಮೆರಿಕದಲ್ಲಿ ಹತ್ತು ಹನ್ನೆರಡು ಜನ ಬರಹಗಾರರು ಒಂದು ಕೋಣೆಯಲ್ಲಿ ಕೂತು ವರ್ಷಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಕಂತು ಹೊಸೆಯುತ್ತಾರೆ. ಬ್ರಿಟನ್ನಿನಲ್ಲಿ ಒಬ್ಬರು ಅಥವಾ ಇಬ್ಬರು ಬರೆಯುತ್ತಾರೆ, ಸೀಸನ್ನಿಗೆ ಆರೋ ಏಳೋ ಕಂತು, ಅಷ್ಟೆ. ಇಂದಿಗೂ ಎಲ್ಲರೂ ಕೊಂಡಾಡುವ ‘ಫಾಲ್ಟಿ ಟವರ್ಸ್’ ಇರುವುದೇ 12 ಕಂತು. ಅಂಥ ಕಡೆ ಒಬ್ಬನೇ ಮನುಷ್ಯ ಮೂವತ್ತೇಳು ವರ್ಷ ಅದೇ ಮೂವರು ಮುದುಕರನ್ನು ಬರೆದ.

ಮೊದಲು ಅದು ಹೇಗಿತ್ತು ಎಂದು ನೋಡೋಣ. ಮುದುಕರ ಬಗ್ಗೆ ಒಂದು ಹಾಸ್ಯ ಬೇಕು ಎಂದು ಬಿಬಿಸಿಯ ಹಾಸ್ಯ ವಿಭಾಗದ ಮುಖ್ಯಸ್ಥ ಡಂಕನ್ ವುಡ್ ಕೇಳಿದಾಗ ಕ್ಲಾರ್ಕ್‌ಗೆ ಅದು ಹತ್ತಲೇ ಇಲ್ಲ. ಕೈಬಿಡುವ ಹಂತಕ್ಕೂ ಹೋಗಿದ್ದ. ಹೊಳೆದದ್ದು ಆಮೇಲೆ: ಈ ಮೂವರಿಗೂ ಕೆಲಸ ಇರಬಾರದು, ಮನೆಯಲ್ಲಿ ಹೆಂಡತಿಯೂ ಇರಬಾರದು. ಹಾಗಾದರೆ ಅವರು ಶಾಲೆ ತಪ್ಪಿಸಿ ಅಲೆಯುವ ಹುಡುಗರಷ್ಟೇ ಸ್ವತಂತ್ರರು. ಹೀಗೆ ಹುಟ್ಟಿದವರು ಹೆಂಡತಿ ತೀರಿಕೊಂಡ ಕ್ಲೆಗ್, ಹೆಂಡತಿ ಬಿಟ್ಟುಹೋದ ಕಾಂಪೊ, ಮದುವೆಯೇ ಆಗದ ಬ್ಲಾಮೈರ್. ಅವರ ಠಿಕಾಣಿ ಊರಿನ ಗ್ರಂಥಾಲಯ, ಸಿಡ್ ಮತ್ತು ಐವಿ ದಂಪತಿಯ ಕೆಫೆ, ಅದೂ ಬೇಸರವಾದರೆ ಸುತ್ತಲಿನ ಗುಡ್ಡ.

ಚಿತ್ರೀಕರಣ ನಡೆದದ್ದು ನಿಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಹೋಮ್‌ಫರ್ತ್‌ನಲ್ಲಿ. ಅಲ್ಲಿ ಮೊದಲು ಒಂದು ಸಾಕ್ಷ್ಯಚಿತ್ರ ಮಾಡಿದ್ದ ಹಾಸ್ಯ ಲೇಖಕ ಬ್ಯಾರಿ ಟುಕ್ ಈ ಊರನ್ನು ಸೂಚಿಸಿದ್ದು. ತಮಾಷೆಯೆಂದರೆ, ಯಾರ್ಕ್‌ಶೈರ್ ಮುದುಕ ಎಂದರೆ ಇವನೇ ಎಂದು ದೇಶವೆಲ್ಲ ನಂಬಿದ ಕಾಂಪೊ ಪಾತ್ರದ ಬಿಲ್ ಓವನ್ ಲಂಡನ್ನಿನವನು. ಕ್ಲೆಗ್ ಆದ ಪೀಟರ್ ಸ್ಯಾಲಿಸ್ ಕೂಡ ಲಂಡನ್ ಕಡೆಯವನೇ. ಬ್ಲಾಮೈರ್ ಆದ ಮೈಕಲ್ ಬೇಟ್ಸ್ ಹುಟ್ಟಿದ್ದು ನಮ್ಮ ಝಾನ್ಸಿಯಲ್ಲಿ, 1920ರಲ್ಲಿ. ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು. ಅದೇ ಕಾಲಕ್ಕೆ ಇನ್ನೊಂದು ಬಿಬಿಸಿ ಹಾಸ್ಯದಲ್ಲಿ ಮೈಗೆ ಕಂದು ಬಣ್ಣ ಬಳಿದುಕೊಂಡು ರಂಗಿ ರಾಮ್ ಎಂಬ ಭಾರತೀಯ ಆಳಿನ ಪಾತ್ರವನ್ನೂ ಮಾಡುತ್ತಿದ್ದ. ಆ ಬಣ್ಣದ ಕಾರಣಕ್ಕೆ ಅದನ್ನು ಇಂದು ಬಿಬಿಸಿ ಮರುಪ್ರಸಾರ ಮಾಡುವುದಿಲ್ಲ. ‘ಸಮ್ಮರ್ ವೈನ್’ಗೆ ಅಂಥ ತೊಂದರೆ ಬರಲಿಲ್ಲ.

ಮೊದಲ ಎರಡು ಸೀಸನ್ನಿನಲ್ಲಿ ನಡೆಯುವುದೆಲ್ಲ ಮಾತು. ಬೆಟ್ಟದ ಮೇಲಿನ ಕಲ್ಲುಗೋಡೆಗೆ ಒರಗಿ ಮೂವರು ಸಾವು, ದೇವರು, ಹೆಂಗಸರು, ರಾಜಕೀಯ ಎಂದು ಹರಟುತ್ತಾರೆ. ಪ್ರಾಯೋಗಿಕ ಕಂತಿನ ಹೆಸರಿನಲ್ಲೇ ಶವಸಂಸ್ಕಾರ ಇತ್ತು. ಬ್ಲಾಮೈರ್ ಕಟ್ಟಾ ಕನ್ಸರ್ವೇಟಿವ್ (ಬಲಪಂಥೀಯ), ಕಾಂಪೊ ಅದಕ್ಕೆ ತದ್ವಿರುದ್ಧ. ಅವರಿಬ್ಬರ ಜಟಾಪಟಿಯಲ್ಲಿ ನಿಜವಾದ ಖಾರವಿದೆ, ಯಾಕೆಂದರೆ ನಟರಿಬ್ಬರ ರಾಜಕೀಯವೂ ಹಾಗೆಯೇ ಎದುರುಬದುರಾಗಿತ್ತು. ಮಾತಿನಲ್ಲಿ ಸ್ವಲ್ಪ ಪೋಲಿತನ, ಮಾತಿನ ಹಿಂದೆ ಬೇಸರ. ಇವರು ಬಯಸಿ ನಿವೃತ್ತರಾದವರಲ್ಲ; ಕ್ಲೆಗ್ ಮನೆಗೆ ಹಾಸುವ ಲಿನೋಲಿಯಂ ಮಾರುತ್ತಿದ್ದವನು, ಕೆಲಸ ಹೋಗಿ ಕೂತವನು. ಉಣ್ಣೆ ಗಿರಣಿಗಳ ಆ ಕಣಿವೆಯಲ್ಲಿ ಆ ಕಾಲಕ್ಕೆ ಬೇಡವಾಗಿದ್ದ ಗಂಡಸರು ಹಗಲು ಹೊತ್ತು ಹೇಗೆ ಕಳೆಯುತ್ತಾರೆ ಎನ್ನುವುದೇ ಆಗಿನ ವಸ್ತು.

ಇನ್ನು ಬದಲಾವಣೆಯ ಮೊದಲ ಗಂಟಿಗೆ ಬರೋಣ. ಬೇಟ್ಸ್‌ಗೆ ಕಾಯಿಲೆಯಾಯಿತು. 1975ರ ನಂತರ ಬಿಟ್ಟ, 1978ರಲ್ಲಿ ತೀರಿಕೊಂಡ. ನಮ್ಮ ಕಡೆಯ ಧಾರಾವಾಹಿಗಳಲ್ಲಾದರೆ ನಾಯಕಿ ಒಂದು ಸೋಮವಾರ ಬೇರೆ ಮುಖ ಹೊತ್ತು ಬರುತ್ತಾಳೆ, ಹೆಸರು ಅದೇ ಇರುತ್ತದೆ, ಮನೆಯಲ್ಲಿ ಯಾರೂ ಗಮನಿಸುವುದಿಲ್ಲ. ಕ್ಲಾರ್ಕ್ ಆ ದಾರಿ ಹಿಡಿಯಲಿಲ್ಲ. 1976ರ ಹೊಸ ಸೀಸನ್ನಿನ ಶುರುವಿನಲ್ಲಿ ಬ್ಲಾಮೈರ್‌ನಿಂದ ಒಂದು ಪತ್ರ ಬರುತ್ತದೆ: ತಾನು ಮದುವೆಯಾದೆ, ನಮ್ಮ ಹಳೆಯ ಸಹಪಾಠಿಯೊಬ್ಬ ಊರಿಗೆ ವಾಪಸ್ ಬರುತ್ತಿದ್ದಾನೆ, ನೋಡಿಕೊಳ್ಳಿ. ಹಾಗೆ ಬಂದವನು ಫಾಗಿ ಡ್ಯೂಹರ್ಸ್ಟ್, ನಟ ಬ್ರಯನ್ ವೈಲ್ಡ್.

ಮೂರನೆಯ ಕುರ್ಚಿ ಎಂದು ನಾನು ಕರೆಯುವುದು ಇದನ್ನೇ. ಇಡೀ ಧಾರಾವಾಹಿಯ ಕೀಲು ಅಲ್ಲಿದೆ. ಕಾಂಪೊ ಮೈಗೆ ಹರಕು ಕೋಟು, ಕಾಲಿಗೆ ಗಂಬೂಟು ಹಾಕಿದ ಮಗು. ಕ್ಲೆಗ್ ನೋಡುತ್ತ ಕೂತು ಎಲ್ಲದಕ್ಕೂ ಒಂದು ಒಣ ಮಾತು ಸೇರಿಸುವವನು. ಇವರಿಬ್ಬರನ್ನೇ ಬಿಟ್ಟರೆ ಸಂಜೆವರೆಗೂ ಏನೂ ನಡೆಯುವುದಿಲ್ಲ. ‘ಏಳಿ, ಒಂದು ಕೆಲಸ ಮಾಡೋಣ’ ಎಂದು ಎಬ್ಬಿಸಲು ತಾನೇ ಮುಂದಾಳು ಎಂದು ನಂಬಿದ ಮೂರನೆಯವನು ಬೇಕು. ಬ್ಲಾಮೈರ್ ಆ ಜಾಗದಲ್ಲಿ ಶಿಸ್ತಿನ ಮಾತಾಡುತ್ತಿದ್ದ, ಅಷ್ಟೇ. ಫಾಗಿ ಯೋಜನೆ ಹಾಕುವವನು. ಸೈನ್ಯದಲ್ಲಿ ಬೋರ್ಡು ಬರೆಯುವ ಕಾರ್ಪೊರಲ್ ಆಗಿದ್ದವನು ತಾನು ಕಾಡಿನಲ್ಲಿ ಬರಿಗೈಲಿ ಶತ್ರುವನ್ನು ಕೊಲ್ಲಲು ತರಬೇತಾದವನು ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಅವನು ಬಂದ ಮೇಲೆ ಪ್ರತಿ ಕಂತಿಗೂ ಒಂದು ಕಾರ್ಯಾಚರಣೆ ಸಿಕ್ಕಿತು, ಕಾರ್ಯಾಚರಣೆಗೊಂದು ಅನಾಹುತ. ಮಾತಿನ ಕಾರ್ಯಕ್ರಮ ಓಟದ ಕಾರ್ಯಕ್ರಮವಾದದ್ದು ಇಲ್ಲಿಂದ. ಜನಪ್ರಿಯತೆಯೂ ಇಲ್ಲಿಂದಲೇ ಏರಿತು. 1980ರ ದಶಕದ ಮಧ್ಯದ ಹೊತ್ತಿಗೆ ಒಂದು ಕಂತನ್ನು ಕೋಟಿಗೂ ಮಿಕ್ಕಿ ಜನ ನೋಡುತ್ತಿದ್ದರು.

1985ರಲ್ಲಿ ವೈಲ್ಡ್ ಬಿಟ್ಟ. ಮೊಟ್ಟೆಗಳ ಮೇಲೆ ಚಿತ್ರ ಬಿಡಿಸುವ ವ್ಯಾಪಾರ ಹಿಡಿದು ಫಾಗಿ ಬೇರೆ ಊರಿಗೆ ಹೋದನೆಂದು ಕ್ಲಾರ್ಕ್ ಬರೆದ. ಆ ಕುರ್ಚಿಗೆ ಬಂದ ಸೆಮೂರ್, ನಟ ಮೈಕಲ್ ಆಲ್ಡ್ರಿಜ್, ಮುಗ್ಗರಿಸಿದ ಮಾಜಿ ಮುಖ್ಯೋಪಾಧ್ಯಾಯ; ಸ್ವಯಂಘೋಷಿತ ವಿಜ್ಞಾನಿ. ಅಲ್ಲಿಂದ ಯಂತ್ರಗಳ ಕಾಲ ಶುರು. ಸೆಮೂರ್ ಒಂದು ಸಾಧನ ಕಂಡುಹಿಡಿಯುತ್ತಾನೆ, ಕಾಂಪೊನನ್ನು ಅದಕ್ಕೆ ಕಟ್ಟುತ್ತಾನೆ, ಅದು ಗುಡ್ಡದ ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ. ಈಗ ಯಾರಿಗಾದರೂ ‘ಸಮ್ಮರ್ ವೈನ್’ ಎಂದರೆ ನೆನಪಾಗುವುದು ಇದೇ ಚಿತ್ರ. ಪತ್ನಿಯ ಅನಾರೋಗ್ಯದಿಂದ ಆಲ್ಡ್ರಿಜ್ 1990ರಲ್ಲಿ ಬಿಟ್ಟಾಗ ಫಾಗಿ ವಾಪಸ್ ಬಂದ. 1997ರಲ್ಲಿ ವೈಲ್ಡ್‌ನ ಆರೋಗ್ಯ ಕೆಟ್ಟು ಮತ್ತೆ ಹೋದ. ಆಗ ಬಂದವನು ಟ್ರೂಲಿ, ನಿವೃತ್ತ ಪೊಲೀಸ್. ನಟ ಫ್ರಾಂಕ್ ಥಾರ್ನ್‌ಟನ್. ಸೈನಿಕ, ಮೇಷ್ಟ್ರು, ಪೊಲೀಸ್: ಎಲ್ಲರೂ ಅಧಿಕಾರದ ಗತ್ತು ಇರುವವರೇ, ಯಾರ ಗತ್ತೂ ನಡೆಯುವುದಿಲ್ಲ. ಕುರ್ಚಿ ಬದಲಾಗದೆ ಕೂತವನು ಬದಲಾಗುತ್ತ ಹೋದದ್ದರಿಂದ ಕ್ಲಾರ್ಕ್ ಇಷ್ಟು ವರ್ಷ ಎಳೆಯಬಲ್ಲವನಾದ. ಒಬ್ಬೊಬ್ಬನೂ ಕಥೆಗೆ ಬೇರೆ ಬೇರೆ ಕ್ರಿಯಾಪದ ತಂದ.

ಇನ್ನೊಂದು ಕಾರಣ ತಾಂತ್ರಿಕ. ಇದನ್ನು ನೋಡುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ, ಆದರೆ ನಿಮಗೆ ಅನ್ನಿಸಿದ ‘ಬೇರೆ ಕಾರ್ಯಕ್ರಮ’ದ ಅರ್ಧ ಪಾಲು ಇದರದೇ. ಆಗಿನ ಬಿಬಿಸಿ ಪದ್ಧತಿಯಲ್ಲಿ ಹೊರಾಂಗಣವನ್ನು ಮೊದಲೇ ಫಿಲ್ಮಿನಲ್ಲಿ ಚಿತ್ರಿಸಿಕೊಂಡು, ಒಳಾಂಗಣವನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರ ಎದುರು ವಿಡಿಯೋದಲ್ಲಿ ದಾಖಲಿಸುತ್ತಿದ್ದರು. ಹಳೆಯ ಕಂತುಗಳಲ್ಲಿ ಬಾಗಿಲು ದಾಟಿದೊಡನೆ ಬೆಳಕೂ ಬಣ್ಣವೂ ಬದಲಾಗುವುದು ಅದಕ್ಕೆ. ಕೆಫೆಯ ದೃಶ್ಯಗಳಲ್ಲಿ ನಟರು ನಗುವಿಗೆ ಕಾಯುತ್ತಾರೆ, ನಗು ಜೋರಾದರೆ ಮುಂದಿನ ಮಾತನ್ನು ಒಂದು ಕ್ಷಣ ತಡೆಹಿಡಿಯುತ್ತಾರೆ, ಪೆದ್ದು ಮುಖ ಮಾಡಿ ಇನ್ನಷ್ಟು ನಗು ಹಿಂಡುತ್ತಾರೆ. ನಾಟಕದ ರಂಗದ ಹದ ಅದು. 1980ರ ದಶಕದ ಆರಂಭದಲ್ಲಿ ಬಂದು, ಸಣ್ಣ ಬಿಡುವೊಂದನ್ನು ಬಿಟ್ಟರೆ ಕೊನೆಯವರೆಗೂ ನಿರ್ದೇಶಿಸಿದ ಅಲನ್ ಬೆಲ್‌ಗೆ ಹೊರಾಂಗಣವೇ ಪ್ರೀತಿ. ಮುಂದೆ ಇಡೀ ಕಂತನ್ನೇ ಸಿನಿಮಾದಂತೆ ಚಿತ್ರಿಸಿ, ಸಂಕಲನ ಮುಗಿದ ಮೇಲೆ ಪ್ರೇಕ್ಷಕರಿಗೆ ತೋರಿಸಿ ಅವರ ನಗುವನ್ನು ದಾಖಲಿಸಿಕೊಂಡು ಸೇರಿಸುವ ಕ್ರಮ ಬಂತು. ಕಣಿವೆ ಚೆಲುವಾಗಿ ಕಂಡಿತು, ನಿಜ. ಆದರೆ ನಟನಿಗೂ ನಗುವಿಗೂ ನಡುವೆ ಇದ್ದ ಸಂಬಂಧ ಕಡಿಯಿತು. 2005ರ ಕಂತಿನಲ್ಲಿ ಮಾತುಗಳು ಒಂದರ ಹಿಂದೊಂದು ಸಮನಾಗಿ ಬಂದು ಬೀಳುತ್ತವೆ, ನಗು ಮೇಲಿಂದ ಹಾಯ್ದು ಹೋಗುತ್ತದೆ. ನನಗೆ ನಷ್ಟ ಅನ್ನಿಸುವುದು ಇದೇ.

ಪಾತ್ರಗಳ ಸಂಖ್ಯೆಯೂ ಏರಿತು. ಮೊದಲು ಮೂವರು, ಕೆಫೆಯ ದಂಪತಿ, ಪಕ್ಕದ ಮನೆಯ ನೋರಾ ಬ್ಯಾಟಿ, ಗ್ರಂಥಾಲಯದವರು. 1985ರಲ್ಲಿ ಧಾರಾವಾಹಿಯ ರಂಗನಾಟಕ ರೂಪದಿಂದ ಹಾವರ್ಡ್, ಅವನ ಹೆಂಡತಿ ಪರ್ಲ್, ಅವನು ಸೈಕಲ್ಲಿನಲ್ಲಿ ಕದ್ದು ಭೇಟಿಯಾಗುವ ಮರೀನಾ ಪರದೆಗೆ ಬಂದರು. 1986ರ ಹೊಸವರ್ಷದ ವಿಶೇಷ ಕಂತಿನಲ್ಲಿ ಸೆಮೂರ್ ಜೊತೆಗೆ ಅವನ ಸೋದರಿ ಈಡಿ, ಅಂದರೆ ನಟಿ ಥೋರಾ ಹರ್ಡ್, ಬಂದಳು. ಈಡಿಯ ನಡುಮನೆಯಲ್ಲಿ ಹೆಂಗಸರ ಚಹಾ ಗೋಷ್ಠಿ ಶುರುವಾಯಿತು. ಕಾರಿನ ಗ್ರೀಸು ಮೆತ್ತಿಕೊಂಡೇ ಇರುವ ಗಂಡ ವೆಸ್ಲಿ ಒಳಗೆ ಬಂದರೆ ಈಡಿ ಅವನ ಕಾಲಡಿಗೆ ದಿನಪತ್ರಿಕೆ ಹಾಸುತ್ತಾಳೆ. ಹೊಸ ಅಳಿಯನಿಗೂ ಅದೇ ಶಿಸ್ತು ಕಲಿಸುವ ಉತ್ಸಾಹ. ಗಂಡಸರೆಲ್ಲ ಮಕ್ಕಳು, ಹೆಂಗಸರೆಲ್ಲ ಜೈಲರುಗಳು ಎಂಬ ಈ ಲೆಕ್ಕ ಈಗ ನೋಡಿದರೆ ಸ್ವಲ್ಪ ಸವೆದಂತೆ ಕಾಣುತ್ತದೆ. ಆದರೆ ಆ ಗೋಷ್ಠಿಯ ದೃಶ್ಯಗಳಲ್ಲಿ ಇದ್ದಕ್ಕಿದ್ದಂತೆ ಯಾರೋ ಒಬ್ಬಳು ಏನೋ ಅಸಂಬದ್ಧ ಹೇಳಿ ಉಳಿದವರು ಕಪ್ಪು ಹಿಡಿದು ಸುಮ್ಮನಾಗುತ್ತಾರಲ್ಲ, ಹಳೆಯ ಮಾತಿನ ಕಾರ್ಯಕ್ರಮ ಅಡಗಿ ಕೂತಿರುವುದು ಅಲ್ಲಿಯೇ. ಗಂಡಸರು ಗುಡ್ಡದಲ್ಲಿ ಉರುಳುತ್ತಿದ್ದಾಗ ಸಂಭಾಷಣೆಯನ್ನು ಹೆಂಗಸರು ಉಳಿಸಿಕೊಂಡರು.

ಹೊರಗಿನ ಪ್ರಪಂಚ ಮಾತ್ರ ಕ್ರಮೇಣ ಮಾಯವಾಯಿತು. 1984–85ರಲ್ಲಿ ಯಾರ್ಕ್‌ಶೈರ್ ಗಣಿ ಕಾರ್ಮಿಕರ ಮುಷ್ಕರದಿಂದ ಹೊತ್ತಿ ಉರಿಯುತ್ತಿತ್ತು. ಧಾರಾವಾಹಿಯ ಜನಪ್ರಿಯತೆ ತುತ್ತತುದಿಯಲ್ಲಿದ್ದದ್ದೂ ಅದೇ ವರ್ಷಗಳಲ್ಲಿ. ಆ ಬೆಂಕಿಯ ಬಿಸಿ ಕೆಫೆಯ ಬಾಗಿಲಿಗೂ ತಟ್ಟಲಿಲ್ಲ. ಭಾನುವಾರ ಸಂಜೆ ಅಜ್ಜ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮವಾದ ಮೇಲೆ ಪೋಲಿತನವೂ ಹೋಯಿತು, ರಾಜಕೀಯವೂ ಹೋಯಿತು. ಕೆಲಸ ಕಳೆದುಕೊಂಡವರು ಬರೀ ವಯಸ್ಸಾದವರಾದರು.

ಹೊರಗೆ ತಳ್ಳಲಾಗದೆ ಉಳಿದದ್ದು ಸಾವು. 1983ರ ತೊಂಬತ್ತು ನಿಮಿಷದ ಚಿತ್ರರೂಪದಲ್ಲಿ ಸಿಡ್ ಪಾತ್ರದ ಜಾನ್ ಕೋಮರ್ ಆಗಲೇ ಎಷ್ಟು ಅಸ್ವಸ್ಥನಾಗಿದ್ದನೆಂದರೆ ಅವನ ದನಿಯನ್ನು ಬೇರೆ ನಟನಿಂದ ಡಬ್ ಮಾಡಿಸಬೇಕಾಯಿತು. ಮರುವರ್ಷ ತೀರಿಕೊಂಡ. ಸಿಡ್ ಜಾಗಕ್ಕೆ ಯಾರನ್ನೂ ತರಲಿಲ್ಲ, ಐವಿ ಒಬ್ಬಳೇ ಕೆಫೆ ನಡೆಸಿದಳು. 1987ರಲ್ಲಿ ನೋರಾಳ ಗಂಡ ವಾಲಿಯ ಪಾತ್ರ ಮಾಡುತ್ತಿದ್ದ ಜೋ ಗ್ಲಾಡ್ವಿನ್ ತೀರಿಕೊಂಡ. ಇದು ಮೇಲ್ನೋಟಕ್ಕೆ ಸಣ್ಣದು. ಹಾಸ್ಯದ ಲೆಕ್ಕದಲ್ಲಿ ದೊಡ್ಡದು. ಸುಕ್ಕುಗಟ್ಟಿದ ಕಾಲುಚೀಲದ ನೋರಾಳನ್ನು ಕಾಂಪೊ ಹಿಂಬಾಲಿಸುವುದು, ಅವಳು ಪೊರಕೆ ಎತ್ತಿಕೊಂಡು ಅಟ್ಟುವುದು ಆವರೆಗೆ ಬರೀ ಆಟ. ಗಂಡ ಮನೆಯಲ್ಲಿದ್ದಾನಲ್ಲ. ಅವಳು ವಿಧವೆಯಾದ ಮೇಲೆ ಅಡ್ಡಿಯೇ ಇಲ್ಲ. ಈಗ ಅವಳು ‘ಇಲ್ಲ’ ಎನ್ನುವುದಕ್ಕೆ ಬೇರೆ ಕಾರಣ ಬೇಕು, ಅವನು ಬೆನ್ನು ಬಿಡದಿರುವುದಕ್ಕೂ ಬೇರೆ ಅರ್ಥ ಬರುತ್ತದೆ. ಕ್ಲಾರ್ಕ್ ಇದನ್ನು ಬಿಡಿಸಿ ಹೇಳಲು ಹೋಗಲಿಲ್ಲ. ನೋರಾ ಪಾತ್ರದ ನಟಿ ಕ್ಯಾಥಿ ಸ್ಟಾಫ್‌ಳ ಮುಖ ನೋಡಿ ನಾವೇ ಊಹಿಸಬೇಕು.

1999ರ ಜುಲೈಯಲ್ಲಿ ಬಿಲ್ ಓವನ್ ತೀರಿಕೊಂಡ, 85ನೆಯ ವಯಸ್ಸಿಗೆ. ಅಷ್ಟರಲ್ಲಿ ಫ್ರಾನ್ಸ್‌ನಲ್ಲಿ ಒಂದು ವಿಶೇಷ ಕಂತಿನ ಚಿತ್ರೀಕರಣ ಮಾಡಿ ಬಂದಿದ್ದ. ಎಲ್ಲರೂ ಧಾರಾವಾಹಿ ಮುಗಿಯಿತು ಎಂದುಕೊಳ್ಳಬಹುದಾಗಿದ್ದ ಹೊತ್ತು. ಬೇರೆಯವರಾಗಿದ್ದರೆ ಕಾಂಪೊನನ್ನೂ ದೂರದ ಊರಿಗೆ ಸಾಗಹಾಕುತ್ತಿದ್ದರು. ಕ್ಲಾರ್ಕ್ ಅವನನ್ನು ಸಾಯಿಸಿದ, ಅದೂ ನಗಿಸುತ್ತಲೇ. ಜೀವಮಾನವೆಲ್ಲ ಸುಕ್ಕು ಕಾಲುಚೀಲದಲ್ಲೇ ಕಂಡ ನೋರಾಳನ್ನು ನಾಟಕದ ವೇಷಕ್ಕೆಂದು ಬಿಗಿಯಾದ ಕಪ್ಪು ಕಾಲುಚೀಲ ತೊಟ್ಟಾಗ ನೋಡಿ ಕಾಂಪೊ ಆನಂದ ತಡೆಯಲಾಗದೆ ಕುಸಿಯುತ್ತಾನೆ. ಸತ್ತದ್ದನ್ನು ನಮಗೆ ತೋರಿಸುವುದಿಲ್ಲ, ಉಳಿದವರ ಮುಖ ತೋರಿಸುತ್ತಾರೆ. 2000ದಲ್ಲಿ ಪ್ರಸಾರವಾದ ಈ ಮೂರು ಕಂತುಗಳಲ್ಲಿ ಯಂತ್ರವಿಲ್ಲ, ಇಳಿಜಾರಿನ ಓಟವಿಲ್ಲ. ಅವನಿಗೆ ತಮಗೆ ಗೊತ್ತಿಲ್ಲದ ಗೆಳತಿಯೊಬ್ಬಳಿದ್ದಳೆಂದು ಕ್ಲೆಗ್ ಮತ್ತು ಟ್ರೂಲಿಗೆ ತಿಳಿಯುತ್ತದೆ. ಇಷ್ಟು ವರ್ಷ ಜೊತೆಗಿದ್ದವನು ನಮಗೆ ಪೂರ್ತಿ ಗೊತ್ತಿರಲಿಲ್ಲವಲ್ಲ ಎಂದು ಪೆಚ್ಚಾಗುತ್ತಾರೆ. ಮಾತು, ಸಾವು, ಒಣ ಹಾಸ್ಯ: 1973ರ ಕಾರ್ಯಕ್ರಮ ಒಮ್ಮೆಲೇ ವಾಪಸ್ ಬಂದುಬಿಟ್ಟಿತು. ‘ಹಳೆಯದೇ ಚೆನ್ನಾಗಿತ್ತು’ ಎನ್ನುವವರಿಗೆ ನಾನು ತೋರಿಸುವುದು ಈ ಮೂರು ಕಂತು. ಬರೆಯುವ ಕೈಗೆ ತುಕ್ಕು ಹಿಡಿದಿರಲಿಲ್ಲ. ಜನರಿಗೆ ಬೇಕಾಗಿದ್ದು ಉರುಳಾಟವಾಗಿತ್ತು, ಅದನ್ನು ಕೊಡುತ್ತಿದ್ದ.

ಅಲ್ಲಿಗೆ ನಿಲ್ಲಿಸಬೇಕಿತ್ತೇ? ನನ್ನ ಮಟ್ಟಿಗೆ ಹೌದು. ಬಿಬಿಸಿ ಇನ್ನೂ ಹತ್ತು ವರ್ಷ ನಡೆಸಿತು. ಓವನ್‌ನ ನಿಜವಾದ ಮಗ ಟಾಮ್ ಓವನ್ ಕಾಂಪೊನ ಮಗನಾಗಿ ಬಂದ. ಆದರೆ ತಂದೆಯ ಜಾಗ ಮಗನಿಗೆ ದಕ್ಕಲಿಲ್ಲ. ಹಳಬರು ಒಬ್ಬೊಬ್ಬರಾಗಿ ಕಡಿಮೆಯಾದಂತೆ ಬೇರೆ ಹಾಸ್ಯ ಕಾರ್ಯಕ್ರಮಗಳಿಂದ ನಿವೃತ್ತರಾದ ಹೆಸರುಗಳು ಬಂದು ಸೇರಿದವು: ಬ್ರಯನ್ ಮರ್ಫಿ, ಜೂನ್ ವಿಟ್‌ಫೀಲ್ಡ್, ಬರ್ಟ್ ಕ್ವಾಕ್. ಮರ್ಫಿಯ ಆಲ್ವಿನ್ ಪಾತ್ರ ಚೆನ್ನಾಗಿದೆ. ಉಳಿದಂತೆ ಅದೊಂದು ಹಿರಿಯ ಕಲಾವಿದರ ಆಶ್ರಮದ ಹಾಗಾಯಿತು ಎಂದರೆ ಅಭಿಮಾನಿಗಳು ಕೋಪಿಸಿಕೊಳ್ಳುತ್ತಾರೆ, ಆದರೂ ಅದು ಬೈಗುಳವಲ್ಲ. ಎಂಬತ್ತು ದಾಟಿದ ನಟರಿಗೂ ಪ್ರತಿ ವರ್ಷ ಕೆಲಸ ಕೊಡುತ್ತಿದ್ದ ಧಾರಾವಾಹಿ ಅದು.

ಕೊನೆಯ ಎರಡು ಸೀಸನ್‌ಗಳಲ್ಲಿ ಒಂದನ್ನು ಗಮನಿಸಿ. ಕ್ಲೆಗ್ ಮತ್ತು ಟ್ರೂಲಿ ಮನೆಯಿಂದ ಹೊರಗೆ ಬರುವುದೇ ಇಲ್ಲ. ಸ್ಯಾಲಿಸ್ ಮತ್ತು ಥಾರ್ನ್‌ಟನ್ ಇಬ್ಬರೂ 1921ರಲ್ಲಿ ಹುಟ್ಟಿದವರು, ತೊಂಬತ್ತರ ಹತ್ತಿರ. ಆ ವಯಸ್ಸಿನವರನ್ನು ಗುಡ್ಡದ ಮೇಲೆ ಚಿತ್ರೀಕರಣಕ್ಕೆ ಕರೆದೊಯ್ಯಲು ಬೇಕಾದ ವಿಮೆ ಕೈಗೆಟುಕದಷ್ಟು ದುಬಾರಿಯಾಗಿತ್ತು. ಹಾಗಾಗಿ ಇವರಿಬ್ಬರೂ ಸೋಫಾದಲ್ಲಿ ಕೂತು ಮಾತಾಡುತ್ತಾರೆ. ಓಡಾಟಕ್ಕೆ ರಸ್ ಆಬಟ್‌ನ ಹಾಬೊ ಎಂಬ ಹೊಸ ಮುಂದಾಳಿನ ಕೆಳಗೆ ಹೊಸ ಮೂವರ ಗುಂಪು. ಹಾಬೊ ಹಾಲು ಹಾಕುತ್ತಿದ್ದವನು, ತಾನೊಬ್ಬ ಗೂಢಚಾರ ಎಂದು ನಂಬಿದವನು. ಅಂದರೆ ಮತ್ತೊಬ್ಬ ಫಾಗಿ. ವಿಮೆಯ ಕಂತು ಕಥೆಯ ಕಂತನ್ನು ಬರೆಸಿದ ಉದಾಹರಣೆ ಇದು.

ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಒಂದನ್ನೂ ತಪ್ಪಿಸಿಕೊಳ್ಳದೆ 295ರಲ್ಲೂ ಇದ್ದ ನಟ ಪೀಟರ್ ಸ್ಯಾಲಿಸ್ ಒಬ್ಬನೇ. ಐವತ್ತೊಂದರಲ್ಲಿ ಮುದುಕನ ಪಾತ್ರ ಹಿಡಿದವನು ಎಂಬತ್ತೊಂಬತ್ತರಲ್ಲಿ ಬಿಟ್ಟ. ವೇಷ ಹಾಕಿಕೊಂಡ ಮುಪ್ಪು ನಿಜವಾದ ಮುಪ್ಪಾಗುವುದನ್ನು ಒಂದೇ ಮುಖದ ಮೇಲೆ ನೋಡಲು ಸಿಗುವುದು ಟಿವಿಯಲ್ಲಿ ಬಹಳ ಅಪರೂಪ. 2017ರಲ್ಲಿ ತೀರಿಕೊಂಡಾಗ ಅವನನ್ನು ಹೋಮ್‌ಫರ್ತ್ ಪಕ್ಕದ ಅಪ್ಪರ್‌ಥಾಂಗ್‌ನ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ, ಬಿಲ್ ಓವನ್ ಪಕ್ಕದಲ್ಲೇ ಮಣ್ಣು ಮಾಡಿದರು. ನಿಮ್ಮ ಮನೆಯಿಂದ ಹೋಗಿ ಬರುವುದು ಅರ್ಧ ದಿನದ ಕೆಲಸವೂ ಅಲ್ಲ. ಹೋದರೆ ಸಿಡ್‌ನ ಕೆಫೆಯಲ್ಲಿ ಚಹಾ ಕುಡಿಯಿರಿ. ಚಿತ್ರೀಕರಣ ಶುರುವಾದಾಗ ಅದು ಬಣ್ಣದ ಡಬ್ಬಿ ಇಡುವ ಉಗ್ರಾಣ. ಧಾರಾವಾಹಿಯ ಪ್ರಸಿದ್ಧಿಯಿಂದ ನಿಜವಾದ ಕೆಫೆಯಾಯಿತು.

ಎಲ್ಲಿಂದ ಶುರು ಮಾಡಲಿ ಎಂದಿರಿ. ಮೊದಲ ಕಂತಿನಿಂದ ಸಾಲಾಗಿ ನೋಡಬೇಡಿ, ಸುಸ್ತಾಗುತ್ತದೆ. 1976ರಿಂದ 1979ರವರೆಗಿನ ಫಾಗಿ ಕಂತುಗಳಿಂದ ಶುರು ಮಾಡಿ. ಮಾತೂ ಓಟವೂ ಸಮಪಾಕದಲ್ಲಿರುವುದು ಆಗಲೇ. ಅದರ ರುಚಿ ಹತ್ತಿದ ಮೇಲೆ ಹಿಂದಕ್ಕೆ, ಬ್ಲಾಮೈರ್ ಕಾಲಕ್ಕೆ ಹೋಗಿ. ಅಲ್ಲಿನ ಕಹಿ ಆಗ ಹಿಡಿಸುತ್ತದೆ. ಸೆಮೂರ್ ಕಾಲದ್ದು ಬೇಕಾದಷ್ಟು ನೋಡಿ, ಕೆಲವನ್ನು ಬಿಟ್ಟರೂ ನಷ್ಟವಿಲ್ಲ. 2000ದ ಮೂರು ಕಂತನ್ನು ಮಾತ್ರ ಒಂದರ ಹಿಂದೊಂದು, ಕ್ರಮ ತಪ್ಪದೆ ನೋಡಿ. ಯಾರ್ಕ್‌ಶೈರ್ ಉಚ್ಚಾರಣೆ ಶುರುವಿಗೆ ಕಿವಿಗೆ ಹಿಡಿಯುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ. ಅರ್ಥವಾಗದ್ದಕ್ಕೆ ಪಕ್ಕದಲ್ಲೇ ಒಬ್ಬರು ಕೂತಿರುತ್ತಾರಲ್ಲ.